ಗ್ಲೌಸ್ ಕೈ ಚಾಳಿ ಬಿಡಿಸಿದ ಕಥೆ: ಎಡಗೈಗೊಂದು ಟೆನಿಸ್ ಚೆಂಡು

"ಕೈ ಬೀಸಿದರೆ ಬೀಸಲಿ ಬಿಡಿ ಮೇಡಂ, ಸ್ಟ್ರೈಕ್ ಬೀಳ್ತಿದೆಯಲ್ಲ" ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನಾನು ಕಲಿಸುವುದು ಸಾಫ್ಟ್‌ಬಾಲ್ ಪಿಚರ್‌ಗಳಿಗೆ, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವ ಹುಡುಗಿಯರಿಗೆ. ಎಸೆತ ಸರಿಯಾದ ಜಾಗಕ್ಕೆ ಬಿದ್ದರೆ ಅದು ಸ್ಟ್ರೈಕ್. ಎಸೆಯುವಾಗ ಗ್ಲೌಸ್ ತೊಟ್ಟ ಇನ್ನೊಂದು ಕೈ ಎಲ್ಲೆಲ್ಲೋ ಹೋಗುವ ಚಾಳಿ ಬಿಡಿಸಲು ಆ ಕೈಗೆ ನಾನು ಟೆನಿಸ್ ಚೆಂಡು ಕೊಡುತ್ತೇನೆ. ನನಗಿಂತ ಇಪ್ಪತ್ತು ವರ್ಷ ಹೆಚ್ಚು ಮೈದಾನ ಕಂಡ ಕೋಚ್ ಒಬ್ಬರು "ಟೆನಿಸ್ ಚೆಂಡು ಕೊಟ್ಟು ಪಿಚರ್ ಮಾಡ್ತಾರಂತೆ" ಎಂದು ನಾಲ್ಕು ಜನರ ಎದುರು ನಕ್ಕರು. ಅವರು ನಕ್ಕಿದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ ಅಂದರೆ ಪೂರ್ತಿ ಸುಳ್ಳಲ್ಲ.

ಹತ್ತು ವರ್ಷದ ಹುಡುಗಿ 35 ಅಡಿಯಿಂದ ಎಸೆಯುವಾಗ ಗ್ಲೌಸ್ ಕೈ ಎತ್ತ ಹೋದರೂ ನಡೆದುಹೋಗುತ್ತದೆ. ಚೆಂಡು 11 ಇಂಚು ಸುತ್ತಳತೆಯದು, ಎದುರಿನ ಬ್ಯಾಟರ್ ಕೂಡ ಮಗುವೇ. 40 ಅಡಿಗೆ ಹೋದಾಗ ಸ್ವಲ್ಪ ತೊಡಕು ಶುರುವಾಗುತ್ತದೆ. 12 ಇಂಚಿನ ಚೆಂಡು ಹಿಡಿದು 43 ಅಡಿಗೆ ಬಂದ ದಿನ ಆ ಚಾಳಿ ಹಳೇ ಸಾಲದ ಹಾಗೆ ಬಡ್ಡಿ ಸಮೇತ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಹುಡುಗಿಗೆ ಹದಿಮೂರು ಹದಿನಾಲ್ಕು ವರ್ಷ. ಮೈಗೆ ಕೂತದ್ದನ್ನು ಬಿಡಿಸುವುದು ಹೆಣ್ಣುಮಕ್ಕಳ ಮೊಣಕೈ ಮೇಲಿನ ಹಚ್ಚೆ ಅಳಿಸಿದ ಹಾಗೆ. ನನ್ನ ಕೈಗೆ ಬಂದ ಹನ್ನೊಂದು ಹುಡುಗಿಯರಲ್ಲಿ ಏಳು ಜನ ಈ ವಯಸ್ಸಿನವರು. ಎಲ್ಲರನ್ನೂ ಬಲಗೈ ಪಿಚರ್ ಎಂದುಕೊಂಡೇ ಬರೆಯುತ್ತೇನೆ. ಒಬ್ಬಳು ಎಡಚಿ ಇದ್ದಾಳೆ, ಅವಳ ಮಾತು ಕೊನೆಗೆ.

ಚಾಳಿಗಳಿಗೆ ಹುಡುಗಿಯರೇ ಹೆಸರಿಟ್ಟರು: ಈಜು, ತಟ್ಟು, ಜೋಲು. ಈಜುವವಳ ಗ್ಲೌಸ್ ಮೇಲೆ ಹೋಗಿ, ಅಲ್ಲಿಂದ ಎಡಕ್ಕೆ ಅಗಲವಾಗಿ ಸುತ್ತಿ ಬೆನ್ನ ಹಿಂದಕ್ಕೆ ಹೋಗುತ್ತದೆ. ಅದರ ಜೊತೆ ಭುಜವೂ ಸೊಂಟವೂ ಬೇಗ ಮುಚ್ಚಿಬಿಡುತ್ತವೆ, ಎಸೆಯುವ ತೋಳಿಗೆ ದಾರಿ ಇರುವುದಿಲ್ಲ. ತಟ್ಟುವವಳು ರಿಲೀಸ್ ಹೊತ್ತಿಗೆ, ಅಂದರೆ ಚೆಂಡು ಕೈಬಿಡುವಾಗ, ಗ್ಲೌಸಿನಿಂದ ತೊಡೆಗೆ ಪಟ್ ಎಂದು ಹೊಡೆದುಕೊಳ್ಳುತ್ತಾಳೆ. ಎಡಭುಜ ಕುಸಿದು ತಲೆ ಮುಂದಕ್ಕೆ ಬಾಗುತ್ತದೆ. ಆ ಸದ್ದು ಅವಳಿಗೆ ತಾಳ, ಹಾಗಾಗಿ ಬಿಡಲು ಮನಸ್ಸಿಲ್ಲ. ಜೋಲುವವಳ ಕೈ ಮೇಲೇಳುವುದೇ ಇಲ್ಲ, ಒಣಹಾಕಿದ ಬಟ್ಟೆಯ ಹಾಗೆ ಪಕ್ಕದಲ್ಲಿ ನೇತಾಡುತ್ತದೆ. ನನ್ನ ಹತ್ತಿರ ಇದ್ದದ್ದು ಐದು ಈಜು, ನಾಲ್ಕು ತಟ್ಟು, ಎರಡು ಜೋಲು. ಸ್ಪೀಡ್ ವಿಷಯ ಬಿಡಿ, ಮೂರರಲ್ಲೂ ನನಗೆ ಹೆದರಿಕೆ ಇದ್ದದ್ದು ಬೇರೆಯದಕ್ಕೆ. ಸ್ಟ್ರೈಡ್, ಅಂದರೆ ಎಸೆಯುವಾಗ ಮುಂದಿಡುವ ದೊಡ್ಡ ಹೆಜ್ಜೆ, ಮುಗಿದಾಗ ಪಿಚರ್ 43 ಅಡಿ ದೂರದಲ್ಲೇ ಇರುತ್ತಾಳೆಯೇ? ಬ್ಯಾಟಿಗೆ ಇನ್ನೂ ಐದಾರು ಅಡಿ ಹತ್ತಿರ. ನೇರ ಮುಖಕ್ಕೆ ಬಂದ ಹೊಡೆತಕ್ಕೆ ಬೆನ್ನ ಹಿಂದಿರುವ ಗ್ಲೌಸ್ ಯಾವ ಕೆಲಸಕ್ಕೆ ಬರುತ್ತದೆ?

ಮೊದಲ ವರ್ಷ ನಾನು ಮಾಡಿದ್ದೆಲ್ಲ ದಂಡ. "ಗ್ಲೌಸ್ ಮುಂದೆ! ಗ್ಲೌಸ್ ಮುಂದೆ!" ಎಂದು ಗಂಟಲು ಹರಿದುಕೊಂಡೆ. ಹತ್ತು ಪಿಚ್ (ಎಸೆತ) ಸರಿ, ಹನ್ನೊಂದನೆಯದಕ್ಕೆ ಮತ್ತೆ ಅದೇ ಈಜು. ಆಮೇಲೆ ಸೊಂಟಕ್ಕೂ ಮೊಣಕೈಗೂ ಎಲಾಸ್ಟಿಕ್ ಪಟ್ಟಿ ಕಟ್ಟಿದೆ. ಇದಕ್ಕಾಗಿಯೇ ಮಾಡಿದ ಸಿದ್ಧ ಪಟ್ಟಿ ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾಲ್ಕು ತರಿಸಿದೆ. ನನ್ನ ಒಂದು ತಿಂಗಳ ಕೋಚಿಂಗ್ ಫೀಸು ಅಷ್ಟಕ್ಕೇ ಹೋಯಿತು. ಆ ದುಡ್ಡಿನಲ್ಲಿ ಎರಡು ಡಜನ್ ಚೆಂಡು ಬರುತ್ತಿತ್ತು. ಪಟ್ಟಿ ಇರುವಷ್ಟು ಹೊತ್ತು ಕೈ ದೇವರ ಹಾಗೆ ಇರುತ್ತಿತ್ತು, ಬಿಚ್ಚಿದ ಹತ್ತೇ ನಿಮಿಷಕ್ಕೆ ಹಳೇ ಕಥೆ. ನಾಲ್ಕರಲ್ಲಿ ಮೂರು ಈಗ ಬ್ಯಾಟ್ ಕಟ್ಟಿಡಲು ಉಪಯೋಗವಾಗುತ್ತಿವೆ, ಒಂದು ಕಾಣೆಯಾಗಿದೆ.

ಕಂಕುಳಲ್ಲಿ ಟವೆಲ್ ಸಿಕ್ಕಿಸಿದ್ದು ಇನ್ನೂ ಕೆಟ್ಟ ಯೋಚನೆ. ಟವೆಲ್ ಬೀಳಬಾರದೆಂದು ಹುಡುಗಿಯರು ಎಡಗೈ ಎತ್ತುವುದನ್ನೇ ನಿಲ್ಲಿಸಿದರು. ಐದು ಈಜಿನ ಜಾಗದಲ್ಲಿ ಐದು ಜೋಲು ಸಿಕ್ಕವು. ಎಡಗಡೆಗೆ ನೆಟ್ ನಿಲ್ಲಿಸಿದೆ, ಕೈ ಅಗಲಕ್ಕೆ ಹೋದರೆ ನೆಟ್ಟಿಗೆ ತಾಗಲಿ ಎಂದು. ತಾಗಿತು, ನೋವಾಯಿತು, ಒಬ್ಬಳು ಅತ್ತಳು. ಮಾರನೆ ದಿನದಿಂದ ಅವಳು ಕೈಯನ್ನು ಅಗಲಕ್ಕೆ ಬಿಡದೆ ಕೆಳಕ್ಕೆ ಎಳೆಯತೊಡಗಿದಳು. ಒಂದು ಚಾಳಿ ಬಿಡಿಸಿ ಇನ್ನೊಂದು ಕಲಿಸಿದ ಪುಣ್ಯ ನನ್ನದು.

ಕಣ್ಣು ತೆರೆಸಿದ್ದು ಫೋನು. ಅಲ್ಲಿಯವರೆಗೆ ನಾನು ಪಕ್ಕದಿಂದಲೇ ವಿಡಿಯೊ ತೆಗೆಯುತ್ತಿದ್ದೆ. ಒಂದು ದಿನ ಟ್ರೈಪಾಡ್ ಕಾಲು ಮುರಿದು, ಫೋನನ್ನು, ಎದುರು ಕೂತು ಎಸೆತ ಹಿಡಿಯುವ ಕ್ಯಾಚರ್ ಹಿಂದಿನ ಬೇಲಿಗೆ ಕಟ್ಟಬೇಕಾಯಿತು. ಸೆಕೆಂಡಿಗೆ 240 ಫ್ರೇಮಿನಲ್ಲಿ ಎದುರಿನಿಂದ ನೋಡಿದಾಗ ಕಂಡದ್ದು ಕೈ ಅಲ್ಲ, ಕಾಲು. ಐವರು ಈಜುವವರಲ್ಲಿ ನಾಲ್ವರ ಮುಂಗಾಲು, ಅಂದರೆ ಮುಂದಿಟ್ಟ ಎಡಗಾಲು, ಕ್ಯಾಚರ್ ಕಡೆಗಿನ ನೇರ ಗೆರೆ ದಾಟಿ ಅವರ ಬಲಕ್ಕೆ ಬೀಳುತ್ತಿತ್ತು. ತನ್ನ ಸೊಂಟವೇ ತನ್ನ ತೋಳಿಗೆ ಅಡ್ಡ. ತೋಳಿಗೆ ದಾರಿ ಮಾಡಿಕೊಡಲು ಮೈ ಎಡಗೈಯನ್ನು ಹೊರಕ್ಕೆ ಎಸೆದು ತಿರುಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಾನು ಒಂದು ವರ್ಷ ಕೈಗೆ ಔಷಧ ಕೊಟ್ಟಿದ್ದೆ. ಐದನೆಯವಳ ಕಾಲು ಗೆರೆಯ ಮೇಲೇ ಬೀಳುತ್ತಿತ್ತು, ಅವಳದು ಮಾತ್ರ ನಿಜವಾದ ಕೈ ಚಾಳಿ.

ಹಾಗಂತ ಕಾಲು ಸರಿಮಾಡಿದರೆ ಕೈ ತಾನಾಗಿ ಸರಿಹೋಯಿತೇ? ಇಲ್ಲ. ಪಿಚರ್ ನಿಲ್ಲುವ ರಬ್ಬರ್ ಪಟ್ಟಿಯಿಂದ ಮುಂದಕ್ಕೆ ಸುಣ್ಣದ ಗೆರೆ ಎಳೆದು ಹತ್ತು ದಿನ ಬರೀ ಕಾಲಿನ ಕೆಲಸ ಮಾಡಿಸಿದೆ. ಕಾಲು ಗೆರೆಗೆ ಬಂತು, ಕೈ ಅಭ್ಯಾಸಬಲದಿಂದ ಈಜುತ್ತಲೇ ಇತ್ತು. ಕಾರಣ ಹೋದ ಮೇಲೂ ಚಾಳಿ ಉಳಿಯುತ್ತದೆ. ಅಲ್ಲಿ ಬೇಕಾದದ್ದು ಬೈಗುಳವಲ್ಲ, ಆ ಕೈಗೊಂದು ಕೆಲಸ ಎಂದು ನನಗೆ ಹೊಳೆದದ್ದು ಆಗ. ಸುಮ್ಮನೆ ಕೂತ ಕೈ ತಾನೇ ಚೇಷ್ಟೆ ಮಾಡುವುದು?

ಗ್ಲೌಸ್ ತೆಗೆಸಿದೆ. ಎಡಗೈಗೆ ಟೆನಿಸ್ ಚೆಂಡು ಕೊಟ್ಟೆ. ಎರಡೂ ಕೈ ಒಟ್ಟಿಗೆ ಕ್ಯಾಚರ್ ಕಡೆಗೆ ಚಾಚಬೇಕು, ಬಲಗೈ ಗಾಳಿಗಿರಣಿಯ ಹಾಗೆ ಒಂದು ಸುತ್ತು ಹೋಗಬೇಕು, ಮುಂಗಾಲು ನೆಲಕ್ಕೆ ತಾಗಿದ ಕ್ಷಣ ಎಡಗೈಯ ಚೆಂಡನ್ನು ಬಿಟ್ಟುಬಿಡಬೇಕು. ಎಸೆಯುವುದಲ್ಲ, ಬೆರಳು ಬಿಚ್ಚುವುದು ಅಷ್ಟೇ. ಆಮೇಲೆ ಆ ಕೈ ಮೊಣಕೈ ಮಡಚಿ ಪಕ್ಕೆಲುಬಿನ ಹತ್ತಿರ ಬಂದು ನಿಲ್ಲಬೇಕು. ಕೈ ಎದೆಯ ಮುಂದಿದ್ದರೆ ಟೆನಿಸ್ ಚೆಂಡು ಗೆರೆಯ ಮೇಲೆ, ಮುಂಗಾಲಿನ ಮುಂದೆ ಬೀಳುತ್ತದೆ. ಈಜಿದರೆ ಎಡಕ್ಕೆ ಹಾರುತ್ತದೆ. ತಟ್ಟಲು ಹೊರಟರೆ ಪಾದದ ಪಕ್ಕಕ್ಕೋ ಹಿಂದಕ್ಕೋ ಬೀಳುತ್ತದೆ. ಜೋಲುವವಳ ಚೆಂಡು ಎತ್ತರವಿಲ್ಲದೆ ಸಪ್ಪೆಯಾಗಿ ಉರುಳುತ್ತದೆ. ಚೆಂಡು ಎಲ್ಲಿ ಬಿತ್ತೆಂದು ನಾನು ಹೇಳುವುದಿಲ್ಲ, ಪ್ರತಿ ಸಲವೂ ಅವಳೇ ಹೇಳಬೇಕು. ಸಾಕ್ಷಿ ನೆಲದ ಮೇಲೆ ಬಿದ್ದಿರುವಾಗ ನನ್ನ ಹತ್ತಿರ ವಾದಕ್ಕೆ ಏನೂ ಉಳಿಯುವುದಿಲ್ಲ.

ಮೊದಲ ದಿನ ನಗೆಪಾಟಲು. ಎರಡೂ ಚೆಂಡು ಒಟ್ಟಿಗೆ ಬಿಟ್ಟರು. ಒಬ್ಬಳ ಬಲಗೈ ಚೆಂಡು ನೇರ ಆಕಾಶಕ್ಕೆ ಹೋಗಿ ಅವಳ ಹಿಂದೆಯೇ ಬಿತ್ತು, ಟೆನಿಸ್ ಚೆಂಡು ಇನ್ನೂ ಕೈಯಲ್ಲೇ ಇತ್ತು. ಹಾಗಾಗಿ ಹತ್ತು ಅಡಿ ದೂರದ ನೆಟ್ಟಿಗೆ, ಅರ್ಧ ವೇಗದಲ್ಲಿ, "ಎಡ, ಬಲ" ಎಂದು ಬಾಯಲ್ಲಿ ಹೇಳಿಕೊಂಡೇ ಎಸೆಯಬೇಕೆಂದು ಮಾಡಿದೆ. ದಿನಕ್ಕೆ ನಲವತ್ತು, ಹೆಚ್ಚೆಂದರೆ ಐವತ್ತು. ಅದಕ್ಕಿಂತ ಹೆಚ್ಚಾದರೆ ಗಮನ ಹೋಗುತ್ತದೆ, ಗಮನ ಹೋದ ಪಿಚ್ ಹಳೇ ಚಾಳಿಗೇ ನೀರೆರೆಯುತ್ತದೆ. ಒಂದು ವಾರಕ್ಕೆ ಹತ್ತರಲ್ಲಿ ಎಂಟು ಗೆರೆಯ ಮೇಲೆ ಬಿದ್ದರೆ ಇಪ್ಪತ್ತು ಅಡಿಗೆ ಹಿಂದೆ ಸರಿಸಿದೆ, ಇನ್ನೊಂದು ವಾರಕ್ಕೆ ಪೂರ್ತಿ ದೂರ. ಮೂರನೇ ವಾರದಲ್ಲಿ ಗೆರೆಯ ಪಕ್ಕ ಇನ್ನೊಂದು ವಸ್ತು ಇಡುತ್ತೇನೆ. ಏನು, ಎಷ್ಟು ದೂರದಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟನ್ನಾದರೂ ನನ್ನ ಹೊಟ್ಟೆಪಾಡಿಗೆ ಇಟ್ಟುಕೊಳ್ಳುತ್ತೇನೆ.

ಟೆನಿಸ್ ಚೆಂಡೇ ಯಾಕೆ ಎಂದು ಕೇಳುತ್ತೀರಿ. ಮೊದಲು ಎಡಗೈಗೂ ಸಾಫ್ಟ್‌ಬಾಲನ್ನೇ ಕೊಟ್ಟಿದ್ದೆ. ಸುಮಾರು 180 ಗ್ರಾಂ ತೂಕದ ದಪ್ಪ ಚೆಂಡು, ಸಣ್ಣ ಬೆರಳುಗಳು ಅದನ್ನು ಹಿಡಿದಿಡುವುದರಲ್ಲೇ ಬಿಗಿಯಾದವು, ಭುಜ ಕಿವಿಗೆ ಏರಿತು. ಮರಳು ತುಂಬಿದ ಕಾಲುಚೀಲ ಬಿದ್ದಲ್ಲೇ ಉಳಿಯುತ್ತದೆಂದು ಖುಷಿಪಟ್ಟೆ, ಎರಡನೇ ದಿನಕ್ಕೆ ಒಡೆದು ಹುಡುಗಿಯ ಕಣ್ಣಿಗೆ ಮರಳು ಬಿತ್ತು. ಟೆನಿಸ್ ಚೆಂಡು ಅರವತ್ತು ಗ್ರಾಂ ಒಳಗೇ ಇರುತ್ತದೆ, ಕೈಯಲ್ಲಿದೆ ಎಂಬ ನೆನಪು ಮಾತ್ರ ಕೊಡುತ್ತದೆ. ಹಳೇ ಚೆಂಡಾದರೆ ಹೆಚ್ಚು ಪುಟಿಯುವುದಿಲ್ಲ, ಅದೇ ಒಳ್ಳೆಯದು. ಟೆನಿಸ್ ಆಡುವವರು ಬಿಸಾಡಿದ್ದನ್ನು ಒಂದು ಚೀಲ ಪುಕ್ಕಟೆ ತಂದೆ.

ಎರಡನೇ ವಾರದಲ್ಲಿ ಸ್ಪೀಡ್ ಬಿತ್ತು. ಗಂಟೆಗೆ 70 ಕಿಲೋಮೀಟರ್ ಹತ್ತಿರ ಎಸೆಯುತ್ತಿದ್ದವಳು 64ಕ್ಕೆ ಇಳಿದಳು. ನಾನು ರಾಡಾರ್ ಗನ್ ಮುಚ್ಚಿಡಬೇಕಿತ್ತು, ದಡ್ಡಿ, ಎಲ್ಲರ ಎದುರೇ ಓದಿ ಹೇಳುತ್ತಿದ್ದೆ. ಒಬ್ಬ ತಂದೆ "ಇದ್ದದ್ದನ್ನೂ ಕಳೆದಿರಿ" ಎಂದು ಮಗಳನ್ನು ಬಿಡಿಸಿ ಕರೆದುಕೊಂಡು ಹೋದರು. ಅವರ ಹಿಂದೆ ಇನ್ನೊಬ್ಬರು. ಇಬ್ಬರ ಫೀಸು ಹೋಯಿತು, ಆ ಋತುವಿನಲ್ಲಿ ನನಗದು ಸಣ್ಣ ಮೊತ್ತವಲ್ಲ. ಉಳಿದವರ ಮನೆಯವರಿಗೆ ಆರು ವಾರ ಗನ್ ತೆಗೆಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಈಗ ಹೊಸದಾಗಿ ಸೇರುವವರಿಗೂ ಅದೇ ಷರತ್ತು.

ತಟ್ಟುವವರ ಜೊತೆ ನಡೆಸಿದ ಒಂದು ಅಡ್ಡಪ್ರಯೋಗ ಹೇಳಲೇಬೇಕು. ಗ್ಲೌಸ್ ವಾಪಸ್ ಹಾಕಿಸಿದ ಮೇಲೆ ಅದರ ಬೆನ್ನಿಗೆ ಸೀಮೆಸುಣ್ಣದ ಪುಡಿ ಬಳಿದೆ. ಕಪ್ಪು ಪ್ಯಾಂಟ್ ಹಾಕಿ ಬರಬೇಕು, ಅಭ್ಯಾಸ ಮುಗಿದಾಗ ಯಾರ ತೊಡೆ ಬಿಳಿಯೋ ಅವರು ಚೆಂಡು ಆಯಬೇಕು. ಒಂದೇ ವಾರದಲ್ಲಿ ನಾಲ್ವರಲ್ಲಿ ಮೂವರು ತಟ್ಟುವುದು ಬಿಟ್ಟರು. ತೊಡೆಯ ಮೇಲಿನ ನೀಲಿಗಟ್ಟಿದ ಗುರುತೂ ಮಾಯವಾಯಿತು. ನಾಲ್ಕನೆಯವಳು ತಟ್ಟುವುದನ್ನು ಬಿಡಲಿಲ್ಲ, ಬಿಳಿ ಪ್ಯಾಂಟ್ ಹಾಕಿಕೊಂಡು ಬಂದಳು. ಅವಳ ಬುದ್ಧಿಗೆ ಮೆಚ್ಚಿ ಆ ದಿನ ಸುಮ್ಮನಾದೆ. ಆಮೇಲೆ ಅವಳಿಗೆ ಬೇಕಿದ್ದದ್ದು ತಾಳವೇ ಎಂದು ತಿಳಿದು, ಸದ್ದನ್ನು ಬಾಯಿಗೆ ವರ್ಗಾಯಿಸಿದೆ. ರಿಲೀಸಿಗೆ ಉಸಿರನ್ನು "ಹಾ" ಎಂದು ಬಿಡುತ್ತಾಳೆ. ತೊಡೆ ಈಗ ಆರಾಮಾಗಿದೆ.

ಎಡಗೈಯಿಂದ ಪಿಚ್ ಮಾಡಿಸಿಯೂ ನೋಡಿದೆ, ಆ ಕೈಗೆ ಮೈಯ ಪರಿಚಯ ಆಗಲಿ ಎಂದು. ಮಜಾ ಬಂತು, ಪ್ರಯೋಜನ ಅಷ್ಟಕ್ಕಷ್ಟೇ. ಕಣ್ಣು ಮುಚ್ಚಿಸಿ ಎಸೆಸಿದ್ದು ಮಾತ್ರ ನಿರೀಕ್ಷೆಗಿಂತ ಚೆನ್ನಾಗಿ ಕೆಲಸ ಮಾಡಿತು. ನೆಟ್ಟಿಗೆ ಎಸೆಯುವಾಗ ಮಾತ್ರ, ಕ್ಯಾಚರ್ ಇಲ್ಲದಾಗ ಮಾತ್ರ.

ಗ್ಲೌಸಿನ ಅಳತೆ ಬಗ್ಗೆ ನನ್ನ ಜಗಳ ಮನೆಯವರ ಜೊತೆಗೆ. ಬೆಳೆಯುವ ಮಗು, ಎರಡು ವರ್ಷ ಬರಲಿ ಎಂದು ಹತ್ತು ವರ್ಷದವಳಿಗೆ ಹನ್ನೆರಡೂವರೆ ಇಂಚಿನ ಗಟ್ಟಿ ಗ್ಲೌಸ್ ತಂದುಕೊಡುತ್ತಾರೆ. ಆ ಭಾರಕ್ಕೆ ಕೈ ಜೋಲದೆ ಇನ್ನೇನು ಮಾಡೀತು? ಇಬ್ಬರು ಜೋಲುವವರಿಗೆ ನಾನು ಕಲಿಸಿದ್ದು ಏನೂ ಇಲ್ಲ. ಹನ್ನೊಂದು ಇಂಚಿನ ಹಳೇ ಮೆತ್ತನೆ ಗ್ಲೌಸ್ ಹಾಕಿಸಿದೆ, ಕೈ ಎದ್ದಿತು. ಇಡೀ ಪ್ರಯೋಗದಲ್ಲಿ ಅತಿ ಕಡಿಮೆ ಶ್ರಮದ ಗೆಲುವು ಅದು.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ, ಡೈರಿ ಮಳೆಯಲ್ಲಿ ನೆನೆದು ಹೋಗಿದೆ. ಆ ಇಬ್ಬರು ಜೋಲುವವರನ್ನು ಬಿಟ್ಟು ಉಳಿದ ಒಂಬತ್ತು ಜನರಲ್ಲಿ ಏಳು ಜನರ ಕೈ ಎಂಟು ಹತ್ತು ವಾರಗಳಲ್ಲಿ ಪಂದ್ಯದ ಒತ್ತಡದಲ್ಲೂ ಮುಂದೆಯೇ ನಿಂತಿತು. 64ಕ್ಕೆ ಇಳಿದವಳು 74 ಮುಟ್ಟಿದಳು. ಅದರಲ್ಲಿ ಸ್ವಲ್ಪ ಅವಳು ಬೆಳೆದದ್ದೂ ಸೇರಿದೆ, ಎಲ್ಲ ನನ್ನದೇ ಎಂದರೆ ನಂಬಬೇಡಿ. ಇಪ್ಪತ್ತಕ್ಕೆ ಒಂಬತ್ತು ಸ್ಟ್ರೈಕ್ ಹಾಕುತ್ತಿದ್ದವರು ಹದಿಮೂರು ಹದಿನಾಲ್ಕಕ್ಕೆ ಬಂದರು, ಅದು ಮಾತ್ರ ನನ್ನದೇ. ಒಂದು ಪಂದ್ಯದಲ್ಲಿ ಎದೆಗೆ ನೇರ ಬಂದ ಹೊಡೆತವನ್ನು ನಮ್ಮ ಹನ್ನೆರಡು ವರ್ಷದ ಹುಡುಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದಳು. ಗ್ಲೌಸ್ ಅಲ್ಲೇ ಇತ್ತು. ಅವಳಮ್ಮ ಗ್ಯಾಲರಿಯಲ್ಲಿ ಎದ್ದು ನಿಂತವರು ಆ ಇನಿಂಗ್ಸ್ ಮುಗಿಯುವವರೆಗೆ ಕೂರಲಿಲ್ಲ. ಬಿಟ್ಟುಹೋದ ಇಬ್ಬರಲ್ಲಿ ಒಬ್ಬಳು ವಾಪಸ್ ಬಂದಿದ್ದಾಳೆ, ಅಪ್ಪ ಮಾತ್ರ ಗೇಟಿನ ಹೊರಗೇ ನಿಲ್ಲುತ್ತಾರೆ.

ನಕ್ಕಿದ್ದ ಹಿರಿಯ ಕೋಚ್ ಕಳೆದ ತಿಂಗಳು ಅಭ್ಯಾಸ ನೋಡಲು ಬಂದರು. ಏನೂ ಹೇಳಲಿಲ್ಲ. ಹೊರಡುವಾಗ ಚೀಲದಿಂದ ಎರಡು ಟೆನಿಸ್ ಚೆಂಡು ತೆಗೆದುಕೊಂಡು "ಹೊಸದಾ, ಹಳೇದಾ ಒಳ್ಳೇದು?" ಎಂದು ಕೇಳಿದರು. ಮೂರನೇ ವಾರದ ವಸ್ತುವಿನ ಬಗ್ಗೆಯೂ ಕೇಳಿದರು. ಚಹಾ ಕುಡಿಸಿ ಕಳಿಸಿದೆ.

ಎಡಚಿ ಹುಡುಗಿಗೆ ಮಾತ್ರ ಇದು ಇನ್ನೂ ಹಿಡಿದಿಲ್ಲ. ಗೆರೆ, ಕಾಲು, ಗ್ಲೌಸ್ ಎಲ್ಲವನ್ನೂ ತಿರುಗಿಸಿ ನೋಡಿದೆ. ಕಾಲು ಗೆರೆಗೇ ಬೀಳುತ್ತಿದೆ, ಬೇಲಿಗೆ ಕಟ್ಟಿದ ಫೋನಿನಲ್ಲೂ ತಪ್ಪು ಕಾಣುವುದಿಲ್ಲ. ಆದರೂ ಹತ್ತರಲ್ಲಿ ಆರು ಸಲ ಅವಳ ಬಲಗೈಯ ಚೆಂಡು ಹಿಂದಕ್ಕೇ ಬೀಳುತ್ತದೆ. "ಎಲ್ಲಿ ಬಿತ್ತು?" ಎಂದರೆ ತಿರುಗಿ ನೋಡದೆಯೇ "ಹಿಂದೆ ಮೇಡಂ" ಎನ್ನುತ್ತಾಳೆ. ನಾಳೆಯಿಂದ ಫೋನನ್ನು ಅವಳ ಬೆನ್ನ ಹಿಂದೆ ಇಟ್ಟು ನೋಡಬೇಕೆಂದಿದ್ದೇನೆ.