ತೂಕದ ಕೋಣೆಯ ಕಂಪ್ಯೂಟರಿಗೆ ಹಾಜರಿ ಕೂಗುವುದು

ಆಲ್ದೂರಿನ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ ಕೂಗುವುದು, ಸಂಜೆ ಹಣ್ಣು ತೂಗಿಸುವುದು, ವಾರಕ್ಕೊಮ್ಮೆ ಬಟವಾಡೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಐವತ್ತು ದಾಟಿದ ಮೇಲೆ, ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳು ರಜೆಗೆ ಬಂದು ಬಿಟ್ಟುಹೋದ ನೋಟ್ ಪುಸ್ತಕದಿಂದ. ತೂಕ ಬರೆದುಕೊಳ್ಳುವ ಪ್ರೋಗ್ರಾಂ ನನ್ನದೇ ಕೈಕೆಲಸ.

ಕಳೆದ ಕೊಯ್ಲಿನಲ್ಲಿ, ಡಿಸೆಂಬರ್ ತಿಂಗಳು, ತೂಕದ ಕೋಣೆಯ ಕಂಪ್ಯೂಟರ್ ದಿನವೂ ನಾಲ್ಕೂವರೆಯ ಹೊತ್ತಿಗೆ ಮುಗ್ಗರಿಸತೊಡಗಿತು. ಹಣ್ಣಿನ ಚೀಲ ಇಳಿಸಿಕೊಂಡು ಆಳುಗಳು ಸಾಲುಗಟ್ಟಿ ನಿಂತಿದ್ದಾರೆ, ಕತ್ತಲಾಗುವ ಮೊದಲು ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡಿಸಬೇಕು, ಪರದೆಯ ಮೇಲೆ ಪುಟ್ಟ ಚಕ್ರ ಸುತ್ತುತ್ತಲೇ ಇದೆ. ಪೇಟೆಯಿಂದ ಬಂದ ರಿಪೇರಿಯವರು ಐದು ನಿಮಿಷ ನೋಡಿ, "ಇದು ಹಳೇ ಮಿಷನ್ನು, ಹೊಸದು ತೆಗೆದುಕೊಳ್ಳಿ" ಎಂದರು. ಸಾಹುಕಾರರು ನನ್ನ ಮುಖ ನೋಡಿದರು. "ಒಂದು ದಿನ ಕೊಡಿ, ಅದನ್ನೇ ಕೇಳಿ ನೋಡುತ್ತೇನೆ" ಎಂದೆ. ಆ ದಿನ ಪೈಥಾನಿನ ಮೂಲಕ ಕಂಪ್ಯೂಟರಿಗೆ ಕೇಳಿದ ಪ್ರಶ್ನೆಗಳೇ ಈ ಬರಹ.

ಆಜ್ಞೆಗಳನ್ನು ಓದುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಚುಕ್ಕಿ, ಅಡಿಗೆರೆ, ಆವರಣ ಕಂಡಲ್ಲಿ ಹಾಗೆಯೇ ಇಡಿ.

ಮೊದಲು ಯಂತ್ರದ ಕುಲಗೋತ್ರ. ಪೈಥಾನಿನ ಜೊತೆಗೇ ಬರುವ ಪ್ಲಾಟ್‌ಫಾರ್ಮ್ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಪ್ಲಾಟ್‌ಫಾರ್ಮ್.ಸಿಸ್ಟಮ್() ಎಂದರೆ ವಿಂಡೋಸ್, ಲಿನಕ್ಸ್ ಅಥವಾ ಡಾರ್ವಿನ್ ಎಂಬ ಉತ್ತರ ಬರುತ್ತದೆ. ಡಾರ್ವಿನ್ ಎಂದರೆ ಮ್ಯಾಕ್. ಸಿಸ್.ಪ್ಲಾಟ್‌ಫಾರ್ಮ್ ಎಂದು ಕೇಳಿದರೆ ವಿಂಡೋಸಿನಲ್ಲಿ ‘ವಿನ್32’ ಎನ್ನುತ್ತದೆ. 64 ಬಿಟ್ ಯಂತ್ರದಲ್ಲೂ ಅದೇ ಉತ್ತರ, ಗಾಬರಿ ಬೇಡ. ವಿಂಡೋಸ್ 11 ಇರುವ ಯಂತ್ರವನ್ನು ಹಳೆಯ ಪೈಥಾನ್, ‘ವಿಂಡೋಸ್ 10’ ಎಂದು ಹೇಳುವುದೂ ಉಂಟು. ಪ್ಲಾಟ್‌ಫಾರ್ಮ್.ವರ್ಷನ್() ಕೊಡುವ ಅಂಕಿಯ ಕೊನೆಯ ಭಾಗ 22000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು 11. ಎಷ್ಟು ಲಾಜಿಕಲ್ ಕೋರ್ (ಆಪರೇಟಿಂಗ್ ಸಿಸ್ಟಮ್ ಎಣಿಸುವ ಕೋರ್) ಎಂಬುದಕ್ಕೆ ಓಎಸ್.ಸಿಪಿಯು_ಕೌಂಟ್(). ಇಷ್ಟು ಸಾಕು.

ಮುಖ್ಯ ಕೆಲಸಕ್ಕೆ ಪಿಎಸ್‌ಯುಟಿಲ್ ಎಂಬ ಲೈಬ್ರರಿ ಬೇಕು, ಇದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ವಿಂಡೋಸಿನಲ್ಲಿ ‘ಪಿಪ್ ಇನ್‌ಸ್ಟಾಲ್ ಪಿಎಸ್‌ಯುಟಿಲ್’. ಬಟವಾಡೆ ಲೆಕ್ಕದ ನಮ್ಮ ಇನ್ನೊಂದು ಕಂಪ್ಯೂಟರಿನಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟು ಇದೆ. ಈಚಿನ ಉಬುಂಟುಗಳು ಪಿಪ್‌ನಿಂದ ನೇರವಾಗಿ ಹಾಕಲು ಬಿಡುವುದಿಲ್ಲ, ಅಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಪಿಎಸ್‌ಯುಟಿಲ್’ ಎನ್ನಿ.

ಯಂತ್ರದ ನೆನಪಿನ (ಮೆಮೊರಿ) ಲೆಕ್ಕ ಪಿಎಸ್‌ಯುಟಿಲ್.ವರ್ಚುವಲ್_ಮೆಮೊರಿ() ಕೊಡುತ್ತದೆ. ಅದರಲ್ಲಿ ‘ಫ್ರೀ’ ನೋಡಬೇಡಿ, ‘ಅವೈಲಬಲ್’ ನೋಡಿ. ಲಿನಕ್ಸ್ ಖಾಲಿ ಬಿದ್ದ ನೆನಪನ್ನೆಲ್ಲ ಫೈಲುಗಳ ನಕಲು ಇಟ್ಟುಕೊಳ್ಳಲು ಬಳಸುತ್ತದೆ, ಯಾರಾದರೂ ಕೇಳಿದ ತಕ್ಷಣ ಬಿಟ್ಟುಕೊಡುತ್ತದೆ. ಕಣದ ಮೂಲೆಯಲ್ಲಿ ಗೋಣಿಚೀಲ ಪೇರಿಸಿಟ್ಟ ಹಾಗೆ: ಜಾಗ ಖಾಲಿಯಲ್ಲ, ಆದರೆ ಹಣ್ಣು ಹರವಬೇಕೆಂದಾಗ ಸಿಗುತ್ತದೆ. ಉಬುಂಟುವಿನಲ್ಲಿ ಲೈಬ್ರರಿಯೂ ಬೇಡ, ‘/ಪ್ರಾಕ್/ಮೆಮ್‌ಇನ್ಫೋ’ ಎಂಬ ಫೈಲನ್ನು ಓಪನ್ ಮಾಡಿ ಸಾಲುಸಾಲಾಗಿ ಓದಬಹುದು. ಅದು ಡಿಸ್ಕಿನ ಮೇಲಿರುವ ಫೈಲಲ್ಲ. ನೀವು ಓದುವ ಗಳಿಗೆಯಲ್ಲಿ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಬರೆದು ಕೊಡುವ ಉತ್ತರ. ವಿಂಡೋಸಿನಲ್ಲಿ ಈ ಸೌಕರ್ಯ ಇಲ್ಲ.

ತೂಕದ ಕೋಣೆಯಲ್ಲಿರುವುದು 4 ಜಿಬಿಯ ವಿಂಡೋಸ್ ಯಂತ್ರ. ನಾಲ್ಕು ಗಂಟೆಗೆ ಬಳಕೆ 61 ಶೇಕಡಾ ಇತ್ತು, ನಾಲ್ಕೂವರೆಗೆ 94. ಅಂದರೆ ಈ ಅರ್ಧ ಗಂಟೆಯಲ್ಲಿ ಯಾರೋ ಒಳಗೆ ಬಂದು ಕೂತಿದ್ದಾರೆ. ಯಾರು ಎಂದು ತಿಳಿಯಲು ಹಾಜರಿ ಕೂಗಬೇಕು:

ಫಾರ್ ಪಿ ಇನ್ ಪಿಎಸ್‌ಯುಟಿಲ್.ಪ್ರೊಸೆಸ್_ಇಟರ್(['ಪಿಐಡಿ', 'ಪಿಪಿಐಡಿ', 'ನೇಮ್', 'ಸಿಎಂಡಿಲೈನ್', 'ಮೆಮೊರಿ_ಇನ್ಫೋ', 'ಕ್ರಿಯೇಟ್_ಟೈಮ್']):
    ಪ್ರಿಂಟ್(ಪಿ.ಇನ್ಫೋ)

ಎರಡೇ ಸಾಲು. ಎರಡನೆಯದನ್ನು ನಾಲ್ಕು ಜಾಗ ಒಳಗೆ ತಳ್ಳಿ ಬರೆಯಿರಿ. ಓಡುತ್ತಿರುವ ಪ್ರೋಗ್ರಾಂ ಒಂದೊಂದೂ ಒಂದು ಪ್ರೊಸೆಸ್, ಅದರ ಸಂಖ್ಯೆಯೇ ಪಿಐಡಿ. ಕೆಲವು ಪ್ರೊಸೆಸ್‌ಗಳ ವಿವರ ಕೇಳಲು ನಿಮಗೆ ಅಧಿಕಾರ ಇರುವುದಿಲ್ಲ, ಅಲ್ಲೆಲ್ಲ ‘ನನ್’ ಎಂದು ಬರುತ್ತದೆ. ಮೆಮೊರಿ_ಇನ್ಫೋ ಒಳಗಿನ ‘ಆರ್‌ಎಸ್‌ಎಸ್’ ಎಂದರೆ ಆ ಪ್ರೊಸೆಸ್ ಹಿಡಿದಿರುವ ನೆನಪು, ಬೈಟುಗಳಲ್ಲಿರುತ್ತದೆ. 1024ರಿಂದ ಎರಡು ಸಲ ಭಾಗಿಸಿದರೆ ಎಂಬಿ. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಭಾಗವನ್ನೂ ಪ್ರತಿಯೊಂದೂ ತನ್ನದೆಂದೇ ತೋರಿಸುವುದರಿಂದ, ಎಲ್ಲರ ಆರ್‌ಎಸ್‌ಎಸ್ ಕೂಡಿಸಿದರೆ ಮೊತ್ತ ನಿಜಕ್ಕಿಂತ ಹೆಚ್ಚು ಬರುತ್ತದೆ.

ನನಗೆ ಕಂಡದ್ದು ‘ಪೈಥಾನ್.ಇಎಕ್ಸ್‌ಇ’ ಎಂಬ ಒಂದೇ ಹೆಸರು, ಐವತ್ಮೂರು ಸಲ. ಹೆಸರಿನಿಂದ ಏನೂ ತಿಳಿಯುವುದಿಲ್ಲ, ನಮ್ಮ ಚೆಕ್‌ರೋಲಿನಲ್ಲಿ ಆರು ಜನ ಲಕ್ಷ್ಮಿಯರು ಇರುವ ಹಾಗೆ. ಅದಕ್ಕೇ ಸಿಎಂಡಿಲೈನ್ ಕೇಳುವುದು. ಯಾವ ಸ್ಕ್ರಿಪ್ಟನ್ನು ಓಡಿಸುತ್ತಿದೆ ಎಂದು ಅದು ಹೇಳುತ್ತದೆ. ಒಂದು ತೂಕದ ಪ್ರೋಗ್ರಾಂ. ಉಳಿದ ಐವತ್ತೆರಡೂ ಚೀಟಿ ಮುದ್ರಿಸುವ ಸ್ಕ್ರಿಪ್ಟ್, ಒಂದೊಂದೂ 28 ಎಂಬಿ ಹಿಡಿದುಕೊಂಡು ಕೂತಿದೆ. ಪಿಪಿಐಡಿ ಎಂದರೆ ಅದನ್ನು ಎಬ್ಬಿಸಿದ ಪ್ರೊಸೆಸ್‌ನ ಸಂಖ್ಯೆ. ಐವತ್ತೆರಡಕ್ಕೂ ಒಂದೇ ಪಿಪಿಐಡಿ: ನನ್ನ ತೂಕದ ಪ್ರೋಗ್ರಾಂ.

ಕಾರಣ ಹೇಳಲು ನಾಚಿಕೆ. ಪ್ರತಿ ತೂಕಕ್ಕೂ ಆಫೀಸಿಗೊಂದು ನಕಲು ಚೀಟಿ ಹೋಗಲಿ ಎಂದು ಸಬ್‌ಪ್ರೊಸೆಸ್.ಪೊಪೆನ್ (ಟೈಪ್ ಮಾಡುವಾಗ ಪೊಪೆನ್‌ನ ಮೊದಲ ಅಕ್ಷರ ದೊಡ್ಡದು) ಬಳಸಿ ಹೊಸ ಪ್ರೊಸೆಸ್ ಎಬ್ಬಿಸುತ್ತಿದ್ದೆ. ಪ್ರಿಂಟರ್ ಸಿಗುವವರೆಗೆ ಕಾಯಬೇಕು ಎಂದೂ ಅದರಲ್ಲಿ ಬರೆದಿದ್ದೆ. ಮಧ್ಯಾಹ್ನ ಊಟಕ್ಕೆ ಏಳುವಾಗ ಯುಪಿಎಸ್ ಉಳಿಯಲಿ ಎಂದು ಆಫೀಸಿನ ಪ್ರಿಂಟರ್ ಆರಿಸುವವನೂ ನಾನೇ. ಸಂಜೆಯ ತೂಕ ಶುರುವಾದರೆ ತಲೆಗೊಂದು ಪ್ರೊಸೆಸ್ ಎದ್ದು, ಬಾರದ ಪ್ರಿಂಟರಿಗಾಗಿ ಕಾಯುತ್ತ ಕೂರುತ್ತಿತ್ತು. ಆ ನಕಲನ್ನು ಆಫೀಸಿನಲ್ಲಿ ಯಾರೂ ಓದುವುದಿಲ್ಲ ಎಂಬುದೂ ಅಂದೇ ತಿಳಿಯಿತು, ಇಷ್ಟು ದಿನ ಸಂಜೆಯ ಚೀಟಿ ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ.

ಕೂತವರನ್ನು ಎಬ್ಬಿಸಿ ಕಳಿಸಲು ಪಿ.ಟರ್ಮಿನೇಟ್(). ಲಿನಕ್ಸಿನಲ್ಲಿ ಇದು ‘ಹೊರಡಿ’ ಎಂಬ ಸೂಚನೆ, ಪ್ರೊಸೆಸ್ ತನ್ನ ಫೈಲು ಮುಚ್ಚಿ ಹೊರಡಬಹುದು, ಪಿ.ಕಿಲ್() ಕುತ್ತಿಗೆ ಹಿಡಿದು ದೂಡುವುದು. ವಿಂಡೋಸಿನಲ್ಲಿ ಎರಡೂ ಒಂದೇ, ದೂಡುವುದೇ. ಆದ್ದರಿಂದ ಅಲ್ಲಿ ಬರೆಯುತ್ತಿರುವ ಫೈಲು ಅರ್ಧಕ್ಕೆ ನಿಲ್ಲಬಹುದು ಎಂಬ ಎಚ್ಚರ ಇರಲಿ.

ಇನ್ನೊಂದು ಎಚ್ಚರ ರೈಟರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಕೆಲಸ ಬಿಟ್ಟು ಹೋದವರ ಟೋಕನ್ ನಂಬರನ್ನು ಹೊಸಬರಿಗೆ ಕೊಡುತ್ತೇವಲ್ಲ, ಪಿಐಡಿಯೂ ಹಾಗೆಯೇ. ಬೆಳಿಗ್ಗೆ 4120 ಎಂದು ಬರೆದಿಟ್ಟುಕೊಂಡು ಸಂಜೆ 4120ನ್ನು ಕೊಂದರೆ ಬೇರೆ ಯಾರೋ ಸತ್ತಿರಬಹುದು. ಸಂಖ್ಯೆಯ ಜೊತೆ ಕ್ರಿಯೇಟ್_ಟೈಮ್, ಅಂದರೆ ಪ್ರೊಸೆಸ್ ಎದ್ದ ಸಮಯ, ಬರೆದಿಡಿ. ಎರಡೂ ಹೊಂದಿದರೆ ಮಾತ್ರ ಅದು ಅದೇ ಪ್ರೊಸೆಸ್. ವಿಂಡೋಸಿನಲ್ಲಿ ಎಬ್ಬಿಸಿದವನು ಹೋದ ಮೇಲೂ ಹಳೆಯ ಪಿಪಿಐಡಿ ಹಾಗೇ ಉಳಿಯುತ್ತದೆ, ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. ಪಟ್ಟಿ ಮಾಡಿ ಮುಗಿಸುವಷ್ಟರಲ್ಲಿ ಕೆಲವು ಪ್ರೊಸೆಸ್ ಮುಗಿದೇ ಹೋಗಿರುತ್ತವೆ. ಆಗ ಬರುವ ‘ನೋಸಚ್‌ಪ್ರೊಸೆಸ್’ ಮತ್ತು ‘ಆಕ್ಸೆಸ್‌ಡಿನೈಡ್’ ಎಂಬ ಎರಡು ದೋಷಗಳನ್ನು ಟ್ರೈ-ಎಕ್ಸೆಪ್ಟ್‌ನಲ್ಲಿ ಹಿಡಿದು ಮುಂದೆ ಸಾಗಿ. ಟೈಪ್ ಮಾಡುವಾಗ ಇವುಗಳಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು.

ಸಿಪಿಯು ಬಳಕೆಗೆ ಪಿ.ಸಿಪಿಯು_ಪರ್ಸೆಂಟ್() ಇದೆ. ಮೊದಲ ಸಲ ಕೇಳಿದಾಗ ಸೊನ್ನೆ ಎನ್ನುತ್ತದೆ, ಆ ಸೊನ್ನೆಗೆ ಅರ್ಥವಿಲ್ಲ. ಹಿಂದೆ ಕೇಳಿದ ಗಳಿಗೆಯಿಂದ ಈಗಿನವರೆಗಿನ ಲೆಕ್ಕ ಅದು. ಹಿಂದಿನದೇ ಇಲ್ಲದಿದ್ದರೆ ಹೇಳುವುದೇನು? ಆವರಣದೊಳಗೆ ‘ಇಂಟರ್ವಲ್=1’ ಎಂದು ಹಾಕಿದರೆ ಒಂದು ಸೆಕೆಂಡು ಕಾದು ಸರಿಯಾಗಿ ಹೇಳುತ್ತದೆ. ನಾಲ್ಕು ಕೋರ್ ಇದ್ದರೆ ಒಂದೇ ಪ್ರೊಸೆಸ್ 100 ದಾಟುವುದೂ ಸಹಜ.

ಯಂತ್ರ ಯಾವಾಗ ಹೊತ್ತಿತು ಎಂದು ಪಿಎಸ್‌ಯುಟಿಲ್.ಬೂಟ್_ಟೈಮ್() ಹೇಳುತ್ತದೆ, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ದಿನವೂ ಸಂಜೆ ಆರಿಸುವ ನಮ್ಮ ಯಂತ್ರ ಹನ್ನೊಂದು ದಿನದಿಂದ ಓಡುತ್ತಿದ್ದೇನೆ ಎಂದಾಗ ನಾನು ಅದರ ಮೇಲೆ ರೇಗಿದ್ದೆ. ಸುಳ್ಳಲ್ಲ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ನಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಕರ್ನೆಲ್ ಮಾತ್ರ ಡಿಸ್ಕಿನಲ್ಲಿ ಮಲಗಿ ಮರುದಿನ ಏಳುತ್ತದೆ. ನಿಜವಾಗಿ ಹೊಸದಾಗಿ ಹೊತ್ತಬೇಕಾದರೆ ರೀಸ್ಟಾರ್ಟ್ ಒತ್ತಬೇಕು.

ಈಗ ಚೀಟಿಗಳೆಲ್ಲ ಒಂದು ಫೈಲಿಗೆ ಹೋಗುತ್ತವೆ, ಒಂದೇ ಪ್ರೊಸೆಸ್ ಅದನ್ನು ಓದಿ ಪ್ರಿಂಟರ್ ಇದ್ದಾಗ ಮುದ್ರಿಸುತ್ತದೆ. ಇದಲ್ಲದೆ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಹತ್ತು ನಿಮಿಷಕ್ಕೊಮ್ಮೆ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿ ಸಮಯ, ನೆನಪಿನ ಬಳಕೆ, ಪೈಥಾನ್ ಎಂಬ ಹೆಸರಿನವರ ಸಂಖ್ಯೆ ಈ ಮೂರನ್ನು ಒಂದು ಸಾಲಿನಲ್ಲಿ ಬರೆದಿಡುತ್ತದೆ, ಉಬುಂಟುವಿನಲ್ಲಾದರೆ ಇದೇ ಕೆಲಸಕ್ಕೆ ಕ್ರಾನ್ ಇದೆ. ಸಂಖ್ಯೆ ಯಾವಾಗಲೂ ಮೂರು. ತೂಕದ್ದೊಂದು, ಮುದ್ರಣದ್ದೊಂದು, ಮೂರನೆಯದು ಯಾರೆಂದು ಒಂದು ಸಂಜೆಯೆಲ್ಲ ಹುಡುಕಿದೆ. ಎಣಿಸುತ್ತಿರುವ ಸ್ಕ್ರಿಪ್ಟೇ ಅದು. ಲೆಕ್ಕದಿಂದ ಅದನ್ನು ಬಿಡಬೇಕಾದರೆ ಓಎಸ್.ಗೆಟ್‌ಪಿಐಡಿ() ಕೊಡುವ ಸಂಖ್ಯೆಗೆ ಹೋಲಿಸಿ ತೆಗೆದುಹಾಕಿ.