ಸಿಪ್ಪೆ ಏಳುವ ಗಾಡಿಗೆ ಮತ್ತೆ ಹೊಳಪು: ಗಟ್ಟಿ ಅಂಚು ಹುಡುಕುವ ಕೆಲಸ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಅಂಗಳದ ಪಕ್ಕ ಒಂದು ಹಳೆಯ ಟೆಂಪೋ ಟ್ರಾವೆಲರ್ ನಿಂತಿರುತ್ತದೆ. 2010ರ ಮಾಡೆಲ್, ಸಿಲ್ವರ್ ಬಣ್ಣ. ಹಿಂದಿನ ಸೀಟುಗಳನ್ನು ತೆಗೆಸಿ ಎರಡು ಮಂಚ, ಒಂದು ಗ್ಯಾಸ್ ಒಲೆ, ಸಣ್ಣ ಸಿಂಕು, ನೀರಿನ ಟ್ಯಾಂಕು ಕೂರಿಸಿಕೊಂಡಿದ್ದೇವೆ. ಅಡಿಕೆ ಕೊಯ್ಲು ಮುಗಿದ ಮೇಲೆ ನಾನು, ನಮ್ಮನೆಯವರು ಇದರಲ್ಲೇ ಊರು ಸುತ್ತುತ್ತೇವೆ. ಬಾದಾಮಿ, ಹಂಪಿ, ಗೋಕರ್ಣ ಎಲ್ಲ ಇದರಲ್ಲೇ ಆಗಿದೆ. ಇದು ನಮಗೆ ಗಾಡಿಯೂ ಹೌದು, ಮನೆಯೂ ಹೌದು. ಹಾಗಾಗಿ ಅದರ ಮೈಮೇಲಿನ ಹೊಳಪು ಸಿಪ್ಪೆ ಸಿಪ್ಪೆಯಾಗಿ ಏಳತೊಡಗಿದಾಗ ನನಗೆ ತುಂಬಾ ಬೇಜಾರಾಯಿತು.

ಮೊದಲು ಕಂಡದ್ದು ಮುಂದಿನ ಗಾಜಿನ ಮೇಲ್ಗಡೆ, ಗಾಡಿಯ ಹಣೆಯ ಮೇಲೆ. ಉಗುರಿನಷ್ಟು ದೊಡ್ಡ ಬಿಳಿ ಕಲೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚಾವಣಿಯ ಅಂಚು ಮತ್ತು ಎಡಗಡೆಯ ಬದಿಯೆಲ್ಲ ಹರಡಿತು. ಬಾಳೆಪಟ್ಟೆಯ ಒಳಗಿನ ತೆಳು ಪೊರೆ ಬಿಡಿಸಿದ ಹಾಗೆ ಎದ್ದು ಬರುತ್ತಿತ್ತು. ಒಬ್ಬ ಪೇಂಟರ್ ಹತ್ತಿರ ಕೊಟ್ಟೆವು. ಅವರು ಏಳುತ್ತಿದ್ದ ಜಾಗಕ್ಕೆ ಸ್ವಲ್ಪ ಮರಳು ಕಾಗದ ಉಜ್ಜಿ, ಮೇಲಿಂದ ಹೊಸ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹೊಡೆದು ಎರಡೇ ದಿನದಲ್ಲಿ ವಾಪಸ್ ಕೊಟ್ಟರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಂದಿನ ಆರಿದ್ರ ಮಳೆ ಮುಗಿಯುವುದರೊಳಗೆ ಹಳೆಯದೂ ಹೊಸದೂ ಒಟ್ಟಿಗೆ ಅಂಗೈಯಗಲದ ಹಾಳೆಗಳಾಗಿ ಕಿತ್ತು ಬಂತು. ಹಣ ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು, ಕೆಲಸ ಮೊದಲಿಗಿಂತ ದೊಡ್ಡದಾಯಿತಲ್ಲ ಅಂತ. 2023ರ ಜನವರಿಯಲ್ಲಿ ತಿಕ್ಕುವ ಕೆಲಸವನ್ನೆಲ್ಲ ನಾವೇ ಮಾಡಿದೆವು. ಅದಾದ ಮೇಲೆ ಮೂರು ಮಳೆಗಾಲ ಕಳೆದಿದೆ. ಹೊಸ ಕ್ಲಿಯರ್ ಎಲ್ಲೂ ಎದ್ದಿಲ್ಲ. ಹೇಗೆ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಯಾಕೆ ಏಳುತ್ತದೆ ಅಂತ ಗೊತ್ತಿದ್ದರೆ ಅರ್ಧ ತಪ್ಪು ತಪ್ಪುತ್ತದೆ. ತಗಡಿನ ಮೇಲೆ ಪ್ರೈಮರ್ ಅನ್ನುವ ತಳಪದರ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಇದನ್ನೇ ಎಷ್ಟೋ ಪೇಂಟರ್‌ಗಳು ಲ್ಯಾಕರ್ ಅನ್ನುತ್ತಾರೆ. ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಬಿಸಿಲಿನ ಯುವಿ ಕಿರಣವನ್ನು ತಡೆಯುವ ಶಕ್ತಿ ಈ ಪದರಕ್ಕೆ ಇರುತ್ತದೆ, ಆದರೆ ವರ್ಷ ಕಳೆದಂತೆ ಅದು ಸವೆದು ಹೋಗುತ್ತದೆ. ಆಮೇಲೆ ಕಿರಣ ಕ್ಲಿಯರ್ ದಾಟಿ ಬಣ್ಣಕ್ಕೆ ತಾಗಿ, ಎರಡರ ನಡುವಿನ ಹಿಡಿತವನ್ನೇ ತಿನ್ನುತ್ತದೆ. ಬೇಸಿಗೆಯಲ್ಲಿ ಸಣ್ಣ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಆ ಬಿರುಕಿಗೆ ನೀರು ಇಳಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಏಪ್ರಿಲ್‌ನ ಸುಡು ಬಿಸಿಲೂ ಇದೆ, ನಾಲ್ಕು ತಿಂಗಳ ಬಿಡದ ಮಳೆಯೂ ಇದೆ. ಎರಡೂ ಸೇರಿದರೆ ಹಳೆಯ ಕ್ಲಿಯರ್ ತಡೆಯುವುದಿಲ್ಲ.

ಅಂದರೆ, ಒಮ್ಮೆ ಹಿಡಿತ ಬಿಟ್ಟ ಕ್ಲಿಯರ್ ಮತ್ತೆ ಅಂಟುವುದಿಲ್ಲ. ಪಾಲಿಷ್, ವ್ಯಾಕ್ಸ್, ಸೆರಾಮಿಕ್ ಕೋಟಿಂಗ್, ಯಾವುದರಿಂದಲೂ ಆಗುವುದಿಲ್ಲ. ಸಡಿಲ ಆದದ್ದನ್ನೆಲ್ಲ ತೆಗೆದು, ಗಟ್ಟಿಯಾಗಿ ಹಿಡಿದುಕೊಂಡಿರುವ ಅಂಚು ಸಿಗುವವರೆಗೆ ಹೋಗಲೇಬೇಕು. ಉಳಿದ ಕೆಲಸವೆಲ್ಲ ಆ ಅಂಚಿನ ಮೇಲೆ ನಿಂತಿದೆ.

ಮೊದಲು ನಿಮ್ಮ ಗಾಡಿ ಯಾವ ಸ್ಥಿತಿಯಲ್ಲಿದೆ ನೋಡಿಕೊಳ್ಳಿ. ಸುಮ್ನೆ ಮಂಕಾಗಿದ್ದು, ಮುಟ್ಟಿದರೆ ನುಣ್ಣಗಿದ್ದರೆ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ಹಾಕಿ ಬಫ್, ಅಂದರೆ ಯಂತ್ರದಿಂದ ಪಾಲಿಷ್, ಮಾಡಿಸಿದರೆ ಸಾಕು. ಹಾಲಿನ ಹಾಗೆ ಬೆಳ್ಳಗಾಗಿದ್ದರೆ, ಜೇಡರ ಬಲೆಯಂಥ ಬಿರುಕು ಕಂಡರೆ, ಅಲ್ಲಿ ಬಫ್ ಮಾಡಿಸಬೇಡಿ. ಉಳಿದಿರುವ ಸ್ವಲ್ಪ ಕ್ಲಿಯರ್ ಕೂಡ ಸವೆದು ಹೋಗುತ್ತದೆ. ಬಿಳಿ ಗಾಡಿ ಇರುವವರು ಇನ್ನೊಂದು ಪರೀಕ್ಷೆ ಮಾಡಿ. ಬೇರೆ ಬಣ್ಣದ ಬಟ್ಟೆಗೆ ಚೂರು ಕಾಂಪೌಂಡ್ ಹಚ್ಚಿ ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಬಿಳಿ ಬಣ್ಣ ಹತ್ತಿದರೆ ನಿಮ್ಮ ಗಾಡಿಗೆ ಕ್ಲಿಯರ್ ಇಲ್ಲ, ಬಣ್ಣವೇ ಮೇಲಿನ ಪದರ. ಈ ಬರಹದ ಅರ್ಧ ಭಾಗ ನಿಮಗೆ ಬೇಕಾಗುವುದಿಲ್ಲ.

ಎದ್ದ ಜಾಗದ ಸುತ್ತ ಎಷ್ಟು ದೂರ ಹಾಳಾಗಿದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಟೇಪ್ ಬೇಕು. ಗಟ್ಟಿ ಅಂಟಿನ ಪ್ಯಾಕಿಂಗ್ ಟೇಪನ್ನು ಅಂಚಿನ ಆಚೆಗೆ ಚೆನ್ನಾಗಿ ಒತ್ತಿ, ಒಂದೇ ಸಲ ಎಳೆಯಿರಿ. ಪೊರೆ ಬಂದರೆ ಇನ್ನೂ ನಾಲ್ಕು ಬೆರಳು ಆಚೆ ಹೋಗಿ ಮತ್ತೆ ಎಳೆಯಿರಿ. ಏನೂ ಬಾರದ ಜಾಗ ಸಿಕ್ಕ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ನಮ್ಮ ಗಾಡಿಯ ಎಡಬದಿಯಲ್ಲಿ ಕಣ್ಣಿಗೆ ಕಂಡದ್ದು ಒಂದು ಮೊರದಷ್ಟು, ಟೇಪ್ ತೋರಿಸಿದ್ದು ಒಂದು ಬಾಗಿಲಿನಷ್ಟು.

ಯಾವಾಗ ಮಾಡಬೇಕು?

ಡಿಸೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ. ನಮ್ಮ ಕಡೆ ಆ ದಿನಗಳಲ್ಲಿ ಬೆಳಿಗ್ಗೆ ಹತ್ತರವರೆಗೂ ಇಬ್ಬನಿ ಇರುತ್ತದೆ. ತಗಡು ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಬಣ್ಣ ಹೊಡೆಯುವುದೇನಿದ್ದರೂ ಹನ್ನೊಂದರಿಂದ ಮೂರು ಗಂಟೆ ಒಳಗೆ. ಗಾಳಿಯಲ್ಲಿ ತೇವ ಶೇ 85 ದಾಟಿದ್ದರೆ ಆ ದಿನ ಬಿಟ್ಟುಬಿಡಿ. ಮೀಟರ್ ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ತಗಡಿನ ಮೇಲೊಂದು ಗೆರೆ ಎಳೆಯಿರಿ. ಕಾಲು ಗಂಟೆಯಲ್ಲಿ ಅದು ಆರದಿದ್ದರೆ ಬಣ್ಣಕ್ಕೆ ಸರಿಯಾದ ದಿನ ಅಲ್ಲ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ, ಹೊಳಪಿನ ಬದಲು ಬಿಳಿ ಮಂಜು ಕಟ್ಟುತ್ತದೆ. ಮಳೆಗಾಲದಲ್ಲಿ 'ಶೆಡ್ ಒಳಗೆ ಹೊಡೆದು ಕೊಡ್ತೀವಿ' ಅಂತ ಯಾರಾದರೂ ಹೇಳಿದರೆ, ಬೂತಿನಲ್ಲಿ (ಬಣ್ಣ ಹೊಡೆಯುವ ಮುಚ್ಚಿದ ಕೋಣೆಯಲ್ಲಿ) ಬಿಸಿಗಾಳಿ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಕಾಯಿರಿ.

ತೊಳೆದು, ಒರೆಸಿ, ಆಮೇಲೆ ತಿಕ್ಕಿ

ಮೊದಲು ಶಾಂಪೂ ನೀರಿನಿಂದ ಪೂರ್ತಿ ತೊಳೆಯಿರಿ. ಕಿಟಕಿ ರಬ್ಬರ್ ಸಂದಿಯ ಪಾಚಿಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಿರಿ. ಅದು ಉಳಿದರೆ ಬಣ್ಣ ಅಲ್ಲಿಂದಲೇ ಏಳಲು ಶುರು ಆಗುತ್ತದೆ. ಒಣಗಿದ ಮೇಲೆ ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರಾವಣದಿಂದ ಒರೆಸಿ. ಇದು ತಿಕ್ಕುವುದಕ್ಕೆ ಮೊದಲೇ ಆಗಬೇಕು. ಇಲ್ಲದಿದ್ದರೆ ಕಾಗದ ಆ ಜಿಡ್ಡನ್ನು ಗೀರುಗಳ ಒಳಗೆ ತುಂಬುತ್ತದೆ. ನಮ್ಮಂಥ ಗಾಡಿಗಳಲ್ಲಿ ಚಾವಣಿಯ ಕಿಂಡಿ, ಸೋಲಾರ್ ಪ್ಯಾನೆಲ್‌ನ ಕಾಲು, ಎಲ್ಲೆಲ್ಲೂ ಸಿಲಿಕಾನ್ ಹಚ್ಚಿರುತ್ತಾರೆ. ಸಿಲಿಕಾನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ಅದರ ಸೋಂಕು ತಾಗಿದ ಜಾಗದಲ್ಲೂ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಪೂರ್ತಿ ಕೆರೆದು ತೆಗೆದು, ಬಣ್ಣ ಆದ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿಸಿ.

ಸಡಿಲ ಪೊರೆಯನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎಬ್ಬಿಸಿ ತೆಗೆಯಿರಿ. ಸುಲಭಕ್ಕೆ ಬರುವುದೆಲ್ಲ ಬರಲಿ. ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ. ಬರಿ ಬೆರಳಿನಿಂದ ಉಜ್ಜಬೇಡಿ, ಬೆರಳಿನ ಆಕಾರದ ತೋಡು ಬೀಳುತ್ತದೆ. ರಬ್ಬರ್ ಬ್ಲಾಕಿಗೆ 400ರ ಕಾಗದ (ಸಂಖ್ಯೆ ದೊಡ್ಡದಾದಷ್ಟೂ ಕಾಗದ ನುಣುಪು) ಸುತ್ತಿ, ಪೆನ್ಸಿಲ್ ಗೆರೆಯಿಂದ ಒಳಗೆ ಬರುತ್ತಾ ಅಂಚನ್ನು ಇಳಿಜಾರು ಮಾಡಿ. ನೀರಿಗೆ ಎರಡು ಹನಿ ಶಾಂಪೂ ಹಾಕಿಕೊಂಡರೆ ಕಾಗದ ಕಟ್ಟಿಕೊಳ್ಳುವುದಿಲ್ಲ.

ಈ ಹೊತ್ತಿನಲ್ಲಿ ಇಳಿಯುವ ನೀರನ್ನು ನೋಡುತ್ತಿರಬೇಕು. ಕ್ಲಿಯರ್ ಸವೆಯುವಾಗ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗೆ ಇಳಿಯುತ್ತದೆ. ಬೂದಿ ಬಣ್ಣ ಕಂಡಿತೋ, ಸಿಲ್ವರ್ ಮುಟ್ಟಿದ್ದೀರಿ ಅಂತ ಅರ್ಥ. ಆಮೇಲೆ ಇಟ್ಟಿಗೆ ಕೆಂಪೋ ತಿಳಿ ಬೂದಿಯೋ ಮಚ್ಚೆ ಕಂಡರೆ ಪ್ರೈಮರ್‌ಗೆ ಇಳಿದಿರಿ, ಅಲ್ಲಿ ನಿಲ್ಲಿಸಿ. ಇನ್ನೊಂದು ಮಾತು: ಒದ್ದೆ ಇರುವಾಗ ಎಲ್ಲವೂ ಚಂದ ಕಾಣುತ್ತದೆ. ಅಂಚು ಮಾಯವಾದಂತೆ ಅನಿಸುತ್ತದೆ. ಐದೈದು ನಿಮಿಷಕ್ಕೆ ನೀರು ಎಳೆದು ಒಣಗಿಸಿ ನೋಡಿ. ನಾನು ತೆಳು ಹತ್ತಿ ಬಟ್ಟೆಯನ್ನು ತಗಡಿನ ಮೇಲೆ ಹಾಸಿ, ಕಣ್ಣು ಮುಚ್ಚಿ, ಅದರ ಮೇಲೆ ಅಂಗೈ ಸರಿಸುತ್ತಿದ್ದೆ. ಬರಿಗೈಗೆ ಸಿಗದ ಮೆಟ್ಟಿಲು ಬಟ್ಟೆಯ ಮೇಲಿಂದ ಸಿಗುತ್ತದೆ. ಹಣೆಯ ಭಾಗ ಒಂದಕ್ಕೇ ಇಡೀ ಮಧ್ಯಾಹ್ನ ಹಿಡಿಯಿತು. ಕೈಗೆ ಮೆಟ್ಟಿಲು ಸಿಗುವವರೆಗೂ ಕೆಲಸ ಮುಗಿದಿಲ್ಲ. ಇವತ್ತು ಕೈಗೆ ಸಿಕ್ಕಿದ್ದು ಕ್ಲಿಯರ್ ಹೊಡೆದ ಮೇಲೆ ಕಣ್ಣಿಗೆ ಕಾಣುತ್ತದೆ, ಮುಂದೆ ಅಲ್ಲಿಂದಲೇ ಏಳುತ್ತದೆ.

ಆಮೇಲೆ 600, ಕೊನೆಗೆ 800. ಬಣ್ಣ ಬೇಡದೆ ಬರೀ ಕ್ಲಿಯರ್ ಬೀಳುವ ಗಟ್ಟಿ ಜಾಗವನ್ನು 1000ದಿಂದ ಮಂಕು ಮಾಡಿದರೆ ಸಾಕು. ಒಂದು ಚೂರೂ ಹೊಳೆಯುವ ಚುಕ್ಕೆ ಉಳಿಯಬಾರದು.

ಎಲ್ಲಾದರೂ ಬರಿ ತಗಡು ಕಂಡರೆ ಅವತ್ತೇ ಎಪಾಕ್ಸಿ ಪ್ರೈಮರ್ ಹಚ್ಚಿ. ನಮ್ಮ ಗಾಳಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕಿನ ಕೆಂಪು ಬಂದಿರುತ್ತದೆ. ಫೈಬರ್ ಭಾಗಗಳ ಲೆಕ್ಕ ಬೇರೆ. ಫೈಬರ್ ಚಾವಣಿಗೆ ಬಣ್ಣ ಹೊಡೆಯದೆ ಜೆಲ್‌ಕೋಟ್ (ಫೈಬರ್ ಅಚ್ಚಿನ ಜೊತೆಗೇ ಬರುವ ಹೊರಪದರ) ಮಾತ್ರ ಇದ್ದರೆ ಅದು ಸಿಪ್ಪೆ ಏಳುವುದಿಲ್ಲ, ಸುಣ್ಣದ ಹಾಗೆ ಪುಡಿ ಬಿಡುತ್ತದೆ. ಕಾಂಪೌಂಡ್‌ನಿಂದ ತಿಕ್ಕಿದರೆ ಎಷ್ಟೋ ಸಲ ಹೊಳಪು ವಾಪಸ್ ಬರುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ತಿಕ್ಕುವಾಗಲೇ ತೀರ್ಮಾನಿಸಿ. ಹೊಸ ಕ್ಲಿಯರನ್ನು ತಗಡಿನ ನಡುಮಧ್ಯೆ ಹಳೆಯದರ ಮೇಲೆ ತೆಳುವಾಗಿ ಮುಗಿಸಿದರೆ, ಆ ತೆಳು ಅಂಚು ಮೊದಲು ಏಳುತ್ತದೆ. ಟ್ರಾವೆಲರ್ ಬದಿ ಉದ್ದ ಇರುವುದರಿಂದ ಪೇಂಟರ್‌ಗಳಿಗೆ ನಡುವೆ ಮುಗಿಸುವ ಆಸೆ ಇರುತ್ತದೆ. ಒಪ್ಪಬೇಡಿ. ಕಿಟಕಿ ರಬ್ಬರ್, ಬದಿಯ ಪಟ್ಟಿ, ತಗಡಿನ ಮಡಿಕೆ, ಬಾಗಿಲ ಸಂದಿ, ಇಂಥ ಕಡೆಗೇ ಕೊನೆ ಮಾಡಿಸಿ. ಸಿಲ್ವರ್‌ನಂಥ ಮೆಟಾಲಿಕ್ ಬಣ್ಣ ತಿಕ್ಕುವಾಗ ಕೆಟ್ಟಿದ್ದರೆ ಬರೀ ಕ್ಲಿಯರ್ ಸಾಲದು, ಬಣ್ಣವೂ ಬೇಕು, ಇಲ್ಲದಿದ್ದರೆ ಕಲೆ ಎದ್ದು ಕಾಣುತ್ತದೆ. ಗಾಡಿಯ ಪ್ಲೇಟಿನಲ್ಲಿ ಬಣ್ಣದ ಕೋಡ್ ಇದ್ದರೆ ಬರೆದುಕೊಂಡು ಹೋಗಿ. ಆದರೂ ಹಳೆ ಗಾಡಿಯ ಬಣ್ಣ ಮಾಸಿರುತ್ತದೆ, ಸಣ್ಣ ಭಾಗವೊಂದನ್ನು ಬಿಚ್ಚಿಕೊಂಡು ಹೋಗಿ ಹೊಂದಿಸಿಕೊಳ್ಳುವುದು ಒಳ್ಳೆಯದು. ನಾವು ಪೆಟ್ರೋಲ್... ಅಲ್ಲ, ಡೀಸೆಲ್ ಮುಚ್ಚಳದ ಬಾಗಿಲನ್ನೇ ಬಿಚ್ಚಿ ಶಿವಮೊಗ್ಗಕ್ಕೆ ಒಯ್ದೆವು. ಬೇರೆ ಬಣ್ಣವನ್ನೇ ಹೊಡೆಸುವುದಾದರೆ ಆರ್‌ಸಿಯಲ್ಲಿ ಬದಲಿಸಿಕೊಳ್ಳಬೇಕಾಗುತ್ತದೆ.

ಹೊಡೆಯುವ ಕೆಲಸ ಪೇಂಟರ್‌ಗೆ ಬಿಡಿ

ಬಾಳಿಕೆ ಬರುವುದು ಹಾರ್ಡ್‌ನರ್ (ಗಟ್ಟಿ ಮಾಡುವ ದ್ರವ) ಬೆರೆಸುವ 2ಕೆ ಕ್ಲಿಯರ್. ಆದರೆ ಆ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಚೂರು ತಾಗಿದರೂ ತೊಂದರೆ ಕೊಡುತ್ತದೆ. ಬಟ್ಟೆ ಮಾಸ್ಕ್, ಎನ್95 ಇದಕ್ಕೆ ಸಾಲುವುದೇ ಇಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಬೇಕು. ಮನೆ ಅಂಗಳದಲ್ಲಿ ಮಕ್ಕಳು, ದನಕರು ಓಡಾಡುವ ಕಡೆ ಇದನ್ನು ಹೊಡೆಯಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ನಾವು ತಿಕ್ಕಿದ ಗಾಡಿಯನ್ನು ಒಣ ದಿನ ನೋಡಿ ಶಿವಮೊಗ್ಗಕ್ಕೆ ಓಡಿಸಿಕೊಂಡು ಹೋಗಿ, ಬೂತ್ ಇರುವವರ ಕೈಲಿ ಹೊಡೆಸಿದೆವು. ಕೂಲಿಯ ದೊಡ್ಡ ಪಾಲು ತಿಕ್ಕುವುದಕ್ಕೇ ಹೋಗುತ್ತದೆ, ಅದು ಉಳಿಯಿತು.

ಅಲ್ಲಿ ನಿಂತು ನೋಡಬೇಕಾದದ್ದು ಇಷ್ಟು. ಹಾರ್ಡ್‌ನರನ್ನು ಅಂದಾಜಿಗೆ ಸುರಿಯದೆ ಡಬ್ಬಿಯ ಮೇಲಿನ ಅಳತೆಯಲ್ಲೇ ಬೆರೆಸುತ್ತಿದ್ದಾರಾ? ಒಂದು ಕೋಟ್ ಆದ ಮೇಲೆ ಹತ್ತು-ಹದಿನೈದು ನಿಮಿಷ ಬಿಡುತ್ತಿದ್ದಾರಾ? ಕ್ಲಿಯರ್ ಎರಡು ಕೋಟ್ ಪೂರ್ತಿ ಬಿದ್ದಿದೆಯಾ? ಕಿಟಕಿ ರಬ್ಬರನ್ನು ಸ್ವಲ್ಪ ಎತ್ತಿ, ಅದರ ಕೆಳಗೂ ಬಣ್ಣ ಹೋಗುವಂತೆ ಮಾಡಿದ್ದಾರಾ? ಇದನ್ನು ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ಕೆಲಸಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ.

ಚಾವಣಿಗೆ ನಾವು ಕ್ಲಿಯರ್ ಹಾಕಿಸಲೇ ಇಲ್ಲ. ಅಲ್ಲಿ ಹೊಳಪು ನೋಡುವವರು ಯಾರು, ಅಲ್ವಾ? ಬಿಸಿಲು ಜಾಸ್ತಿ ಬೀಳುವುದೂ ಅಲ್ಲೇ. ಬಿಳಿ ಪಿಯು ಪೇಂಟ್ ಹೊಡೆಸಿದೆವು. ಏಳಲು ಮೇಲೊಂದು ಪದರವೇ ಇಲ್ಲ, ಜೊತೆಗೆ ಮಧ್ಯಾಹ್ನ ಒಳಗಿನ ಕಾವೂ ಕಡಿಮೆ ಆಗಿದೆ.

ಈಗಲೇ ಪ್ರವಾಸ ಇದೆ, ಟೈಮ್ ಇಲ್ಲ ಅನ್ನುವವರು ಸಡಿಲ ಅಂಚನ್ನಷ್ಟೇ ತೆಗೆದು, 800ರಲ್ಲಿ ಉಜ್ಜಿ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪ್ರೇ ಕ್ಲಿಯರ್ ತೆಳುವಾಗಿ ಹೊಡೆಯಬಹುದು. ಕೆಲವು ತಿಂಗಳು ನೀರು ತಡೆಯುತ್ತದೆ, ಅಷ್ಟೇ. ಏಳುತ್ತಿರುವ ಜಾಗದ ಮೇಲೆ ಸ್ಟಿಕರ್ ಮಾತ್ರ ಅಂಟಿಸಬೇಡಿ. ಅದು ಅಂಟುವುದು ಸಡಿಲ ಪೊರೆಗೆ, ತೆಗೆಯುವಾಗ ಇನ್ನಷ್ಟನ್ನು ಕಿತ್ತುಕೊಂಡು ಬರುತ್ತದೆ.

ಹೊಸ ಕ್ಲಿಯರ್ ಆದ ಮೇಲೆ ಒಂದು ವಾರ ತೊಳೆಯಲಿಲ್ಲ, ಒಂದು ತಿಂಗಳು ವ್ಯಾಕ್ಸ್ ಹಾಕಲಿಲ್ಲ. ಒಳಗಿನ ದ್ರಾವಕ ಪೂರ್ತಿ ಹೊರಹೋಗಬೇಕು. ಈಗ ವರ್ಷಕ್ಕೆ ಮೂರು ಸಲ ವ್ಯಾಕ್ಸ್. ಮೊದಲೆಲ್ಲ ಮಳೆಗಾಲದಲ್ಲಿ ಗಾಡಿಗೆ ಟಾರ್ಪಾಲಿನ್ ಸುತ್ತಿ ಹಗ್ಗ ಬಿಗಿಯುತ್ತಿದ್ದೆವು. ಒಳಗೆ ತೇವ ಆರುತ್ತಿರಲಿಲ್ಲ, ಗಾಳಿಗೆ ಟಾರ್ಪಾಲಿನ್ ಉಜ್ಜಿ ಉಜ್ಜಿ ಮೂಲೆಗಳು ಸವೆದವು. ಈಗ ನಾಲ್ಕು ಕಂಬ ನೆಟ್ಟು ತಗಡಿನ ಮಾಡು ಹಾಕಿದ್ದೇವೆ, ಬದಿಗಳು ತೆರೆದೇ ಇವೆ. ಹಲಸಿನ ಮರದ ಕೆಳಗೆ ನಿಲ್ಲಿಸುವುದನ್ನೂ ಬಿಟ್ಟೆವು.

ಅಡಿಕೆ ತೋಟ ಇರುವವರಿಗೆ ಇನ್ನೊಂದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನ ಗಾಡಿಯನ್ನು ರಸ್ತೆ ಬದಿಗೆ ಒಯ್ದುಬಿಡಿ. ಮೈಲುತುತ್ತ, ಸುಣ್ಣದ ಆ ಹನಿಗಳು ಗಾಳಿಗೆ ಎಷ್ಟು ದೂರ ಬೇಕಾದರೂ ಬರುತ್ತವೆ. ಬಿದ್ದರೆ ಅವತ್ತೇ ಧಾರಾಳ ನೀರು ಹಾಕಿ ತೊಳೆಯಿರಿ. ಒಣಗಿದ ಮೇಲೆ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ನಮ್ಮ ಮನೆಯಲ್ಲಿ ಈಗ ದೋಟಿ, ಪೈಪು ಹೊರತೆಗೆಯುವ ಮೊದಲೇ ಗಾಡಿಯ ಬೀಗದ ಕೈ ಹೊರಗೆ ಬರುತ್ತದೆ.