ಬಗ್ಗಲು ಹೆದರುತ್ತಿದ್ದ ವೇಟ್‌ಲಿಫ್ಟರ್

ನಾನು ಕ್ರೀಡಾಪಟುಗಳಿಗೆ ಫಿಸಿಯೋಥೆರಪಿ ಮಾಡುತ್ತೇನೆ. ಮೊದಲೆಲ್ಲ ಬೆನ್ನುನೋವು ಅಂತ ಬಂದವರಿಗೆ ವ್ಯಾಯಾಮ ಹೇಳಿಕೊಟ್ಟು ಕಳಿಸುತ್ತಿದ್ದೆ. ಒಬ್ಬ ವೇಟ್‌ಲಿಫ್ಟರ್ ಹುಡುಗಿ ಬಂದ ಮೇಲೆ ನನ್ನ ರೀತಿ ಬದಲಾಯಿತು.

ಅವಳಿಗೆ ಏಳು ತಿಂಗಳಿಂದ ಸೊಂಟನೋವು. ಸ್ಕ್ಯಾನ್‌ನಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸ್ವಲ್ಪ ಉಬ್ಬಿತ್ತು, ಅಷ್ಟೇ. ಮೂಳೆಯಲ್ಲಿ ಬಿರುಕಿಲ್ಲ, ಕಾಲಿನ ಬಲ ಸರಿಯಿದೆ ಅಂತ ಡಾಕ್ಟರ್ ಖಚಿತಪಡಿಸಿದ್ದರು. ಈ ತಪಾಸಣೆ ಆಗದೆ ನೋವಿನಲ್ಲಿ ಮನಸ್ಸಿನ ಪಾತ್ರದ ಮಾತು ಎತ್ತಬಾರದು. ವೇಗದ ಬೌಲರ್‌ಗಳಲ್ಲಿ ಬೆನ್ನುಮೂಳೆಯ ಬಿರುಕು ಅಪರೂಪವೇನಲ್ಲ, ಅದರ ಚಿಕಿತ್ಸೆಯ ದಾರಿಯೇ ಬೇರೆ.

ಕೆಳಗಿದ್ದ ಶೂ ಎತ್ತಿಕೊಳ್ಳಲೂ ಅವಳು ಮಂಡಿಯೂರುತ್ತಿದ್ದಳು. "ಬಗ್ಗಿದರೆ ಏನಾಗುತ್ತೆ ಅನ್ಸುತ್ತೆ?" ಅಂತ ಕೇಳಿದೆ.

"ಡಿಸ್ಕ್ ಜಾರುತ್ತೆ ಸರ್. ಆಮೇಲೆ ನಡೆಯೋಕೂ ಆಗಲ್ಲ."

ಯಾರೋ ಸ್ಕ್ಯಾನ್ ನೋಡಿ ಹಾಗೆ ಹೆದರಿಸಿದ್ದರಂತೆ. ಚಲನೆಯ ಭಯ ಅಳೆಯುವ ಟ್ಯಾಂಪಾ ಪ್ರಶ್ನಾವಳಿ ಕೊಟ್ಟೆ. 17 ಪ್ರಶ್ನೆ, ಗರಿಷ್ಠ 68 ಅಂಕ; ಅಂಕ ಹೆಚ್ಚಿದಷ್ಟೂ ಭಯ ಹೆಚ್ಚು. ಅವಳಿಗೆ 49 ಬಂತು.

"ನಿನ್ನ ನೋವು ಸುಳ್ಳಲ್ಲ" ಅಂತಲೇ ಮಾತು ಶುರು ಮಾಡಿದೆ. ನೋವೇ ಇಲ್ಲದ 20 ವರ್ಷದವರಲ್ಲೂ 100ಕ್ಕೆ ಸುಮಾರು 30 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ ಅಂತ ತಿಳಿಸಿದೆ. ಹೆದರಿದಾಗ ಸ್ನಾಯು ಬಿಗಿಯುತ್ತದೆ, ಮೆದುಳು ಸಣ್ಣ ಸಂಕೇತವನ್ನೂ ಅಪಾಯ ಅಂತ ಓದುತ್ತದೆ ಅಂತ ವಿವರಿಸಿದೆ. ಆದರೆ ಮಾತಿನಿಂದ ಭಯ ಹೋಗುವುದಿಲ್ಲ, ಮಾಡಿ ನೋಡಬೇಕು.

ಭಯ ಕಡಿಮೆ ಇರುವ ಚಲನೆಯಿಂದ ಜಾಸ್ತಿ ಇರುವುದರವರೆಗೆ ಅವಳೇ ಬರೆದಳು. ಪ್ರತಿ ಸಲ ಮೊದಲು ಏನಾಗಬಹುದು ಅಂತ ಊಹೆ, ಆಮೇಲೆ ಚಲನೆ, ಆಮೇಲೆ ನಿಜವಾಗಿ ಆಗಿದ್ದೇನು. ಕೋಲು ಹಿಡಿದು ಬಗ್ಗುವುದರಿಂದ ಶುರುವಾಗಿ, ನಾಲ್ಕನೇ ವಾರ 15 ಕಿಲೋದ ಖಾಲಿ ಬಾರ್‌ಗೆ ಬಂದೆವು.

ನಡುವೆ ನಾನೊಂದು ತಪ್ಪು ಮಾಡಿದ್ದೆ. "ನೋವು ಬಂದ್ರೆ ನಿಲ್ಲಿಸು" ಅಂದಿದ್ದೆ. ಅವಳು ಪ್ರತಿ ಕ್ಷಣ ಸೊಂಟವನ್ನೇ ಗಮನಿಸತೊಡಗಿದಳು. ಎರಡು ವಾರ ಹಾಗೇ ಹಾಳಾಯಿತು. ಮುಂದೆ ಎಷ್ಟು ಸಲ ಮಾಡಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿದೆವು. ನೋವು ತುಸು ಇದ್ದರೂ ಎಂಟು ಅಂದರೆ ಎಂಟು, ಚೆನ್ನಾಗಿದ್ದರೂ ಎಂಟೇ. ಕಾಲಿಗೆ ಜೋಮು ಹಿಡಿದರೆ, ಬಲ ಕುಂದಿದರೆ ಮಾತ್ರ ನಿಲ್ಲಿಸುವುದು. ಕೋಚ್‌ಗೂ ಒಂದು ಕೋರಿಕೆ ಇಟ್ಟೆ: ದಿನಾ "ನೋವು ಹೇಗಿದೆ?" ಅನ್ನುವ ಬದಲು "ಇವತ್ತು ಎಷ್ಟು ಎತ್ತಿದೆ?" ಅಂತ ಕೇಳಿ.

ಹನ್ನೆರಡನೇ ವಾರ ಟ್ಯಾಂಪಾ ಅಂಕ 31ಕ್ಕೆ ಇಳಿಯಿತು. ನೋವು ಪೂರ್ತಿ ಹೋಗಿಲ್ಲ. ಸ್ಪರ್ಧೆ ಹತ್ತಿರ ಬಂದಾಗ ನಿದ್ದೆ ಕೆಡುತ್ತದೆ, ಆಗ ಸೊಂಟವೂ ಹಿಡಿದುಕೊಳ್ಳುತ್ತದೆ. ಈಗ ಆ ನಿದ್ದೆಯ ಮೇಲೆ ಕೆಲಸ ಮಾಡುತ್ತಿದ್ದೇವೆ.